ಗೋಬರ್ ಗ್ಯಾಸಿನ ಮೇಡಂ

ಎಂಜಿನ್ ಲ್ಯಾಬಿನ ಹೊಸ್ತಿಲು ದಾಟುವ ಮೊದಲು ಮೇಡಂ ಎರಡೂ ಕೈಯ ಹಸಿರು ಬಳೆಗಳನ್ನು ಮೊಣಕೈವರೆಗೆ ಏರಿಸಿ, ರಬ್ಬರ್ ಬ್ಯಾಂಡ್ ಹಾಕಿ ಬಿಗಿಯುತ್ತಿದ್ದರು. ಇಳಕಲ್ ಸೀರೆಯ ಸೆರಗು ಸೊಂಟಕ್ಕೆ, ಅದರ ಮೇಲೆ ಎಣ್ಣೆ ಕಲೆಗಳ ಖಾಕಿ ಕೋಟು. ಬಾಗಲಕೋಟೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ನನ್ನ ಪ್ರಾಜೆಕ್ಟಿನ ಗೈಡ್.

ಪೆಟ್ರೋಲ್ ಎಂಜಿನ್ನನ್ನು ಗೋಬರ್ ಗ್ಯಾಸಿನಲ್ಲಿ ಓಡಿಸುವುದು ನಮ್ಮ ಕೆಲಸ. ಆ ಗ್ಯಾಸು ನಿಧಾನಕ್ಕೆ ಉರಿಯುತ್ತದೆ. ಚೂರು ಹೈಡ್ರೋಜನ್ ಬೆರೆಸಿದರೆ ಬೆಂಕಿ ಬೇಗ ಹರಡುತ್ತದೆ. ಇದನ್ನು ಮೇಡಂ ಹೇಳುವ ರೀತಿಯೇ ಬೇರೆ. “ಗೋಬರ್ ಗ್ಯಾಸ್ ಅಂದ್ರ ಉಂಡು ಕುಂತ ಬೀಗರಿದ್ದಂಗ, ಲಗೂನ ಏಳೂದಿಲ್ಲ. ಹೈಡ್ರೋಜನ್ ಅಂದ್ರ ಸಣ್ಣ ಹುಡುಗ್ರು. ಒಬ್ಬಿಬ್ಬರಿದ್ರ ಮನಿಗೆ ಕಳಾ, ಹಿಂಡು ಸೇರಿದ್ರ ಮ್ಯಾಲಿನ ಮಾಳಗಿನ ಹಾರಿಸ್ತಾರ!” ಎಂದು ತಾವೇ ಮೊದಲು ನಗುತ್ತಿದ್ದರು. ಎಂಜಿನ್ ಚಾಲೂ ಆಗದಿದ್ದರೆ ಬೈಯುತ್ತಿರಲಿಲ್ಲ, ಬಗ್ಗಿ, “ಏನಾತವಾ ನಿನಗ?” ಎಂದು ಅದನ್ನೇ ಕೇಳುವರು.

ನನಗೆ ಎಂಜಿನ್ ಎಂದರೆ ಒಳಗೊಳಗೇ ಭಯ. ಅಂಕ ಚೆನ್ನಾಗಿ ಬರುತ್ತಿದ್ದುದರಿಂದ ಅದು ಯಾರಿಗೂ ತಿಳಿದಿರಲಿಲ್ಲ.

ಒಂದು ದಿನ ಗಾಡಿಗೆ ಎಂಜಿನ್, ಹೈಡ್ರೋಜನ್ ಸಿಲಿಂಡರ್ ಹೇರಿಕೊಂಡು ಕೆರೂರಿಗೆ ಹೋದೆವು. ಮೇಡಂಗೆ ಪರಿಚಯದ ಚಾಚಾ ಒಬ್ಬರು ಅಲ್ಲಿ ಎಮ್ಮೆ ಸಾಕಿ ಹಾಲು ಮಾರುತ್ತಿದ್ದರು. ಅವರ ಹಿತ್ತಿಲಲ್ಲೇ ಗೋಬರ್ ಗ್ಯಾಸ್ ಗುಂಡಿ. ಅವರ ಮೇವು ಕತ್ತರಿಸುವ ಯಂತ್ರವನ್ನು ನಮ್ಮ ಎಂಜಿನ್ ತಿರುಗಿಸಬೇಕಿತ್ತು. ಭಾರವಿಲ್ಲದೆ ಚೆನ್ನಾಗಿಯೇ ಓಡಿದ ಎಂಜಿನ್, ಯಂತ್ರಕ್ಕೆ ಬೆಲ್ಟ್ ಹಾಕುತ್ತಲೇ ಉಸಿರುಗಟ್ಟಿ ನಿಂತಿತು. ಮತ್ತೆ ಚಾಲೂ ಮಾಡಿ, ಮೇಡಂ ಹೇಳಿದಂತೆ ನಾನು ಹೈಡ್ರೋಜನ್ ವಾಲ್ವ್ ಇನ್ನಷ್ಟು ತೆರೆದೆ. ಢಮಾರ್! ಬೆಂಕಿ ಹಿಂದಕ್ಕೆ ಹೊಡೆದು ಏರ್ ಫಿಲ್ಟರ್ ತಿಪ್ಪೆಗೆ ಹಾರಿತು. ಎಮ್ಮೆಗಳು ಹಗ್ಗ ಕಿತ್ತುಕೊಂಡು ರಸ್ತೆಗೆ ಓಡಿದವು.

ಹೈಡ್ರೋಜನ್ ಸಿಲಿಂಡರಿನ ಬಾಯಿ ಮುಚ್ಚಿದವರೇ ಮೇಡಂ ಎಮ್ಮೆಗಳ ಹಿಂದೆ ಓಡಿದರು, ಚಾಚಾನಿಗಿಂತ ಮುಂದೆ. ಮರಳಿದಾಗ ಕೈಯಲ್ಲೊಂದು ಹಗ್ಗ, ಹಗ್ಗದ ತುದಿಗೆ ಸಿಟ್ಟಿನ ಎಮ್ಮೆ, ಹಿಂದೆ ಉಳಿದವನ್ನು ಅಟ್ಟಿಕೊಂಡು ಚಾಚಾ.

“ಮೇಡಂರಿ, ಇವತ್ತ ಇವು ಹಾಲ ಹಿಂಡಗೊಡಂಗಿಲ್ರಿ,” ಎಂದರು ಚಾಚಾ.

“ಹಂಗಾರ ಕರೀ ಚಾ ಮಾಡಸ್ರಿ.”

ನಾನು ಗೋಡೆಗೆ ಒರಗಿ ಅಳುತ್ತಿದ್ದೆ. “ನನ್ನ ಕೈಲೆ ಆಗಂಗಿಲ್ರಿ ಮೇಡಂ. ಬ್ಯಾರೆ ಪ್ರಾಜೆಕ್ಟ್ ಕೊಡ್ರಿ.”

ಅವರು ಎಮ್ಮೆ ಕಟ್ಟಿಹಾಕಿ ನನ್ನ ಪಕ್ಕಕ್ಕೆ ಬಂದು ಗೋಡೆಗೆ ಒರಗಿದರು. “ನೋಡವಾ, ನನಗೂ ಹೆದರಿಕಿ ಬಂದೈತಿ. ಮುಂಜಾನೆ ಅದು ಇರಲಿಲ್ಲ, ಅದಕ್ಕ ಸ್ಪಾರ್ಕ್ ಪ್ಲಗ್ ನೋಡದನ ಚಾಲೂ ಮಾಡಿಸಿದೆ. ತಪ್ಪು ನಂದು. ಹೆದರಿಕಿ ಇದ್ದಾಕಿ ಎರಡೆರಡು ಸಲ ನೋಡ್ತಾಳ. ಇವತ್ತಿಂದ ನೀನ ನೋಡು.”

ಪ್ಲಗ್ ಬಿಚ್ಚಿದೆ. ತುದಿ ಕಾದು ಬೆಳ್ಳಗಾಗಿತ್ತು; ಕಿಡಿಗೂ ಮೊದಲೇ ಆ ಕಾವಿಗೆ ಗ್ಯಾಸು ಹೊತ್ತಿಕೊಂಡಿತ್ತು. ಹೊಸದು ಹಾಕಿ, ಕಿಡಿ ಹಾರುವ ಗಳಿಗೆಯನ್ನು ಕೊಂಚ ತಡಮಾಡಿ, ಹೈಡ್ರೋಜನ್ ತಗ್ಗಿಸಿದೆವು. ಎಂಜಿನ್ ಕೆಮ್ಮಿತು, ಸಾವರಿಸಿಕೊಂಡಿತು, ಮೇವಿನ ಯಂತ್ರ ಕರಕರ ತಿರುಗಿತು. ಚಾಚಾನ ಹೆಂಡತಿ ಹೊರಬಂದು ಹೊಗೆಯನ್ನು ಮೂಸಿ, “ಖರೇನ ಸೆಗಣಿಲೇ ಓಡಾಕತ್ತೈತೇನ್ರಿ? ವಾಸನಿನ ಇಲ್ಲಲ್ರಿ!” ಎಂದಾಗ ಮೇಡಂ ನಕ್ಕ ನಗೆಗೆ ಎಮ್ಮೆಗಳು ಮತ್ತೆ ಕಿವಿ ನಿಮಿರಿಸಿದವು.

ಮೇಡಂ ಹೋದ ವರ್ಷ ತೀರಿಕೊಂಡರು. ಹುನಗುಂದ, ಬಾದಾಮಿ ಕಡೆ ಗ್ಯಾಸ್ ಎಂಜಿನ್ ಕೂರಿಸುವುದೇ ಈಗ ನನ್ನ ಉದ್ಯೋಗ. ಹೊಸ ಎಂಜಿನ್ ಮುಂದೆ ನಿಂತರೆ ಇಂದಿಗೂ ಎದೆ ಹೊಡೆದುಕೊಳ್ಳುತ್ತದೆ. ಅದನ್ನು ಯಾರ ಮುಂದೆಯೂ ಮುಚ್ಚಿಡುವುದಿಲ್ಲ, ಕೆಲಸವನ್ನೂ ಬಿಡುವುದಿಲ್ಲ. ಹೀಗೂ ಬದುಕಬಹುದು ಎಂದು ತೋರಿಸಿಕೊಟ್ಟವರು ಅವರು.