ಬರೆಯದೆ ಬಿಟ್ಟ ನಾಲ್ಕು ಸಾಲು

ನಿನ್ನ ನೌಕರಿ ಹೋದದ್ದು ನಿನ್ನ ತಪ್ಪಿನಿಂದಲ್ಲ, ನಾಗವೇಣಿ — ನನ್ನ ಸುಳ್ಳಿನಿಂದ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ — ಅಲ್ಲ, ಬಾಯಿ ಬಿಟ್ಟೆ, ಬಿಟ್ಟು ಸುಳ್ಳು ಹೇಳಿದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಸುತ್ತಿಬಳಸಿ ತಪ್ಪಿಸಿಕೊಳ್ಳುವ ನನ್ನ ಬುದ್ಧಿ ನನಗೆ ಗೊತ್ತೇ ಇದೆ.

ನಾರಾಯಣಗೂಡದ ಆ ಇಕ್ಕಟ್ಟಿನ ಕೋಚಿಂಗ್ ಸೆಂಟರಿನಲ್ಲಿ ನಾನು ಸಂಜೆ ಹೊತ್ತು ಲಿನಕ್ಸ್ ಕಲಿಸುತ್ತಿದ್ದೆ. ಊರಿಗೆ ಊರೇ ಕಂಪ್ಯೂಟರ್ ಕಲಿಯಲು ಓಡುತ್ತಿದ್ದ ಕಾಲ. ನೀನು ರಾಯಚೂರಿನಲ್ಲಿ ಡಿಪ್ಲೊಮಾ ಮುಗಿಸಿ ಬಂದವಳು, ಮೆಹದಿಪಟ್ಟಣಂನ ಹಾಸ್ಟೆಲಿನಿಂದ ಬಸ್ಸು ಬದಲಿಸಿ ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಉಳಿದವರಿಗೆ ತೆಲುಗಿನಲ್ಲಿ ಹೇಳಿದ್ದನ್ನು ನಿನಗೆ ಮತ್ತೊಮ್ಮೆ ಕನ್ನಡದಲ್ಲಿ ಹೇಳುತ್ತಿದ್ದೆ. ಯಂತ್ರಕ್ಕೆ ನೆಟ್‌ವರ್ಕಿನ ವಿಳಾಸ ಕೊಡಲು ಎರಡು ದಾರಿ. ಇಫ್‌ಕಾನ್ಫಿಗ್ ಎಂದು ಕಮಾಂಡ್ ಹೊಡೆದರೆ ಕೆಲಸ ತಕ್ಷಣ ಶುರುವಾಗುತ್ತದೆ, ಆದರೆ ಯಂತ್ರವನ್ನು ಆರಿಸಿ ಹಚ್ಚಿದರೆ ಮರೆತುಹೋಗುತ್ತದೆ. ಫೈಲಿನಲ್ಲಿ ಬರೆದಿಟ್ಟರೆ ಮಾತ್ರ ಪ್ರತಿ ಸಲ ಏಳುವಾಗ ಅದನ್ನು ಓದಿಕೊಂಡು ಏಳುತ್ತದೆ.

"ಕಮಾಂಡ್ ಅಂದ್ರ ಬಾಯಿಮಾತು, ಫೈಲ್ ಅಂದ್ರ ಕಾಗದಪತ್ರ. ಬರೇ ಬಾಯಿಮಾತಿನ ಮ್ಯಾಲೆ ಯಾರರ ಮನಿ ಕೊಳ್ತಾರೇನು?" ಎಂದು ನಾನು ಕೇಳುತ್ತಿದ್ದೆ. ನೀನು ನಗುತ್ತಿದ್ದೆ. ಮಹಾ ಗುರು ನಾನು! ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ನಾನು ಹಗಲು ಕೆಲಸ ಮಾಡುತ್ತಿದ್ದ ಕೊಂಡಾಪುರದ ಕಂಪನಿಗೆ ನಿನ್ನನ್ನು ಸೇರಿಸಿದ್ದೂ ನಾನೇ. ಎಲ್ಲರೂ ಇಂಜಿನಿಯರುಗಳು, ಡಿಪ್ಲೊಮಾ ಎಂದರೆ ಮೂಗು ಮುರಿಯುವ ಜನ. ಆರು ತಿಂಗಳು ನೋಡೋಣ, ಸರಿ ಅನಿಸಿದರೆ ಕಾಯಂ ಮಾಡೋಣ ಎಂಬ ಮಾತಿನ ಮೇಲೆ ನಿನ್ನನ್ನು ತೆಗೆದುಕೊಂಡರು. ಇದು ತಪ್ಪಿದರೆ ಡಿಪ್ಲೊಮಾದವಳನ್ನು ಇನ್ಯಾರೂ ಒಳಗೆ ಬಿಡುವುದಿಲ್ಲ ಎಂದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನೀನು ಸೇರುವುದಕ್ಕೆ ಸ್ವಲ್ಪ ಮುಂಚೆ ಒಂದು ಸರ್ವರಿನ ನೆಟ್‌ವರ್ಕ್ ಕಾರ್ಡ್ ಸುಟ್ಟಿತ್ತು. ಒಂದು ಲಾರಿ ಸಾಗಣೆ ಕಂಪನಿಯ ಬುಕಿಂಗ್ ಎಲ್ಲ ಅದರ ಮೇಲೆಯೇ ನಡೆಯುತ್ತಿತ್ತು. ಅವರು ಫೋನಿನಲ್ಲಿ ಕೂಗಾಡುತ್ತಿದ್ದರು. ನಾನು ಹೊಸ ಕಾರ್ಡ್ ಹಾಕಿ, ಕಮಾಂಡ್ ಹೊಡೆದು ವಿಳಾಸ ಕೊಟ್ಟೆ. ಲೈನು ಬಂತು, ಕೂಗಾಟ ನಿಂತಿತು, ಎಲ್ಲರೂ ನನ್ನ ಬೆನ್ನು ತಟ್ಟಿದರು. ಹೊಸ ಕಾರ್ಡಿನ ನಾಲ್ಕು ಸಾಲನ್ನು ಫೈಲಿನಲ್ಲಿ ಬರೆಯುವುದು ಬಾಕಿ ಇತ್ತು. ಇರಾನಿ ಚಹಾ ಕುಡಿದು ಬಂದು ಬರೆದರಾಯಿತು ಅಂದುಕೊಂಡೆ. ಬರೆಯಲಿಲ್ಲ. ಸರ್ವರ್ ಆರದೆ ನಡೆಯುತ್ತಲೇ ಇತ್ತು, ನಾನೂ ಮರೆತೆ.

ಆ ಭಾನುವಾರ ಮಧ್ಯಾಹ್ನ ಅದನ್ನು ಒಮ್ಮೆ ಆರಿಸಿ ಹಚ್ಚುವ ಕೆಲಸ ನಿನ್ನ ಪಾಲಿಗೆ ಬಂತು. ನೀನು ನಿನ್ನ ಜಾಗದಿಂದಲೇ, ಹೇಳಿದ ಹಾಗೆಯೇ ಮಾಡಿದೆ. ಯಂತ್ರ ಎದ್ದಿತು, ಹಳೆಯ ಫೈಲನ್ನು ಓದಿತು, ಹೊಸ ಕಾರ್ಡನ್ನು ಗುರುತಿಸಲಿಲ್ಲ. ಅಷ್ಟಕ್ಕೇ ನೆಟ್‌ವರ್ಕಿನಿಂದ ಕಳಚಿಕೊಂಡಿತು. ಇನ್ನು ಅದರ ಮುಂದೆಯೇ ಕೂತು ಸರಿಪಡಿಸಬೇಕು; ಸರ್ವರ್ ಕೋಣೆಯ ಕೀಲಿ ನನ್ನ ಜೇಬಿನಲ್ಲಿ, ನಾನು ಯಾರದೋ ಮದುವೆ ಊಟದಲ್ಲಿ. ನಿನ್ನ ಫೋನು ನನಗೆ ಕೇಳಿಸುವ ಹೊತ್ತಿಗೆ ಲಾರಿಗಳು ಲೋಡು ಹೊತ್ತು ಸಾಲುಗಟ್ಟಿ ನಿಂತಿದ್ದವು.

ನಾನು ಬಂದಾಗ ನೀನು ಬಾಗಿಲಲ್ಲೇ ನಿಂತಿದ್ದೆ, ಮುಖ ಬಿಳಿಚಿತ್ತು. "ಸರ್, ನೀವು ಬಂದ್ರಿ, ಇನ್ನ ಹೆದರಿಕಿಲ್ಲ. ಚಾ ತರ್ತೀನಿ ತಡೀರಿ," ಅಂದು ಕೆಳಗೆ ಓಡಿದೆ. ನಾನು ಒಳಗೆ ಹೋಗಿ ಫೈಲು ತೆರೆದೆ. ಹಳೆಯ ಕಾರ್ಡಿನ ಸಾಲುಗಳು ಇದ್ದ ಹಾಗೆಯೇ ಇದ್ದವು. ಫೈಲನ್ನು ಕೊನೆಯ ಸಲ ತಿದ್ದಿದ ತಾರೀಖು ನೀನು ಕೆಲಸಕ್ಕೆ ಸೇರುವುದಕ್ಕೂ ಹಿಂದಿನದು. ಆ ತಾರೀಖೊಂದೇ ನಿನ್ನ ಸಾಕ್ಷಿಯಾಗಿತ್ತು. ನಮ್ಮಲ್ಲಿ ಎಲ್ಲರೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಹಾಕಿ ಒಳಗೆ ಹೋಗುವ ರೂಢಿ. ಯಾರು ಏನು ಮಾಡಿದರೆಂದು ಹುಡುಕಿದರೂ ಸಿಗುತ್ತಿರಲಿಲ್ಲ. ನೀನು ಚಹಾ ತರುವಷ್ಟರಲ್ಲಿ ನಾನು ನಾಲ್ಕು ಸಾಲು ಬರೆದು ಉಳಿಸಿದೆ. ತಾರೀಖು ಅಂದಿನದಾಯಿತು. ಲೈನು ಬಂತು. ನೀನು ಕೊಟ್ಟ ಚಹಾ — ಅದನ್ನೂ ಕುಡಿದೆ.

ಸಾಗಣೆಯವರಿಗೆ ಒಂದು ತಲೆ ಬೇಕಿತ್ತು. ಮರುದಿನ ಮ್ಯಾನೇಜರ್ ಪಾಟೀಲರು ನಮ್ಮಿಬ್ಬರನ್ನೂ ಕರೆದರು. ಬೀದರಿನವರು, ಬಾಗಿಲು ಮುಚ್ಚಿದರೆ ನಮ್ಮೊಂದಿಗೆ ಕನ್ನಡವೇ. ನೇರವಾಗಿ ನನ್ನನ್ನೇ ಕೇಳಿದರು: "ಖರೇ ಹೇಳ್ರಿ. ಕಾರ್ಡ್ ಹಾಕಿದಾಗ ಫೈಲ್‌ನಾಗ ಬರದಿದ್ರೋ ಇಲ್ಲೋ?"

"ಬರದಿದ್ನಿರಿ. ಆಮ್ಯಾಲೆ ಯಾರೋ ಕೈ ಆಡಿಸ್ಯಾರ."

ಅವರು ನಂಬಿರಲಿಲ್ಲ, ನಾಗವೇಣಿ. ನನ್ನನ್ನೇ ದಿಟ್ಟಿಸುತ್ತಿದ್ದರು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಬಹುಶಃ ನಾನು — ಆದರೆ ಅಷ್ಟರಲ್ಲಿ ನೀನೇ ಮಾತಾಡಿದೆ. "ಇವ್ರು ಬರೀದ ಬಿಡೂ ಮಂದಿ ಅಲ್ರಿ ಸರ್. ನನಗ ಕಲಿಸಿದವ್ರ ಇವ್ರು. ನನ್ನ ಕಡಿಂದನ ಏನರ ಆಗಿರಬೇಕ್ರಿ."

ಪಾಟೀಲರು ನಿನ್ನ ಮಾತನ್ನು ಬರೆದುಕೊಳ್ಳಲು ಕಾಗದ ಎಳೆದುಕೊಂಡರು. ನಾನು ನೆಲ ನೋಡುತ್ತ ಕುಳಿತೆ. ಆ ವಾರವೇ ನಿನ್ನನ್ನು ಕಳಿಸಿದರು. ನನ್ನನ್ನು ಮುಂದಿನ ವರ್ಷ ಮೇಲಕ್ಕೇರಿಸಿದರು. ಥೂ, ಎಂಥ ಬಾಳು!

ಮೊನ್ನೆ ಮೆಹದಿಪಟ್ಟಣಂ ಬಸ್ ಸ್ಟಾಪಿನಲ್ಲಿ ನೀನೇ ನನ್ನನ್ನು ಗುರುತಿಸಿದೆ. ನಾನು ತಲೆ ತಪ್ಪಿಸಿಕೊಳ್ಳಲು ನೋಡಿದ್ದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. "ಇವ್ರ ನೋಡವ್ವಾ, ನಮ್ಮ ಸರ್," ಎಂದು ನೀನು ಮಗಳಿಗೆ ತೋರಿಸಿದೆ. ಆ ಹುಡುಗಿ ಕಾಲಿಗೆ ನಮಸ್ಕಾರ ಮಾಡಿದಳು. ಈಗೇನು ಮಾಡುತ್ತಿರುವೆ ಎಂದು ನಾನು ಕೇಳಿದೆ. ಹತ್ತಿರದ ಗಲ್ಲಿಯಲ್ಲೇ ಮನೆ, ಹೊಲಿಗೆ ಕೆಲಸ ಎಂದು ನೀನು ಹೇಳಿದೆ. ಆಮೇಲೆ ನಗುತ್ತಲೇ ಅಂದೆ: "ಕಂಪ್ಯೂಟರ್ ಮುಟ್ಟೂದ ಬಿಟ್ಟೀನ್ರಿ ಸರ್. ನನ್ನ ಕೈಗುಣನ ಛಲೋ ಇಲ್ಲ."

ನಾನು ಕಸಿದದ್ದು ನೌಕರಿ ಮಾತ್ರ ಎಂದುಕೊಂಡಿದ್ದೆ ಇಷ್ಟು ವರ್ಷ. ನಿನ್ನ ಕೈಯ ಮೇಲೆ ನಿನಗಿದ್ದ ನಂಬಿಕೆಯನ್ನೂ ನಾನೇ ತಿಂದಿದ್ದೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ಆದರೆ ನಾಳೆ ನಿನ್ನ ಮನೆಗೆ ಬರುತ್ತೇನೆ. ಬಾಯಿಮಾತಿನಲ್ಲಿ ಮತ್ತೆ ಜಾರಿಕೊಂಡೇನು ಎಂಬ ಹೆದರಿಕೆಯಿಂದ ಇದನ್ನು ಬರೆದಿದ್ದೇನೆ; ನಿನ್ನ ಮಗಳ ಎದುರಿಗೇ ಓದುತ್ತೇನೆ. ಅವಳ ನಮಸ್ಕಾರ ಅವಳಿಗೆ ವಾಪಸಾಗಬೇಕು.

ಆ ಫೈಲನ್ನು ನೀನು ಮುಟ್ಟಿರಲಿಲ್ಲ, ನಾಗವೇಣಿ. ಲೈನು ಹೋಗುವ ತನಕ ನಾನೂ ಮುಟ್ಟಿರಲಿಲ್ಲ — ಮುಟ್ಟಬೇಕಾಗಿದ್ದವನು ನಾನು.