ಕುರ್ಚಿಯಿಂದ ಎಬ್ಬಿಸಿದವರು

ಕೈರೋ ಊರಿನ ಕಸವೆಲ್ಲ ಬಂದು ಬೀಳುವುದು ಮುಕತ್ತಮ್ ಗುಡ್ಡದ ಕೆಳಗಿನ ನಮ್ಮ ಕೇರಿಗೆ. ಅದನ್ನು ಆರಿಸಿ ಮಾರುವವಳು ನಾನು. ಮಗಳು ದಮ್ಯಾನಾ ಇಂಜಿನಿಯರ್. ಈಗ ಕೇಳಿ, ಅವಳನ್ನು ಎತ್ತಿ ಆಡಿಸಿದೆವು ಎನ್ನುವವರೇ ಎಲ್ಲ! ಶಾಲೆಯಲ್ಲಿ ಮೇಷ್ಟ್ರು ಅವಳನ್ನು ಕಿಟಕಿ ಪಕ್ಕ ಕೂರಿಸುತ್ತಿದ್ದರು, ವಾಸನೆ ಹೊರಗೆ ಹೋಗಲಿ ಎಂದು. ಅವಳ ಪುಸ್ತಕಗಳು ಬಂದದ್ದು ಸಾಹುಕಾರರ ಕಸದಿಂದ. ಲೆಕ್ಕಗಳಿಗೆ ಆ ಮನೆಯ ಮಕ್ಕಳು ಉತ್ತರ ಬರೆದಿರುತ್ತಿದ್ದರು, ಅದೂ ತಪ್ಪು. ತಿದ್ದಿ ತಿದ್ದಿಯೇ ನನ್ನ ಮಗಳು ಗಣಿತ ಕಲಿತಳು.

ಓದು ಮುಗಿದು ಊರಾಚೆಯ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅರ್ಜಿಯಲ್ಲಿ ಸೋದರಮಾವನ ವಿಳಾಸ ಕೊಟ್ಟಳು. ಕಸದವರ ಮಗಳೆಂದು ಗೊತ್ತಾದರೆ ಮ್ಯಾನೇಜರ್ ಶೌಕತ್ ಬೇ ಅವತ್ತೇ ಮನೆಗೆ ಕಳಿಸುತ್ತಾನಂತೆ.

"ಅಲ್ಲಿ ನನ್ನ ಮಾತಾಡಿಸ್ಬೇಡಮ್ಮಾ," ಎಂದಳು.

ಅದೇ ಕಾರ್ಖಾನೆಗೆ ಬಾಟಲಿ ಮೂಟೆ ಹಾಕುವವಳೂ ನಾನೇ! ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡೆ.

ಆ ದಿನ ಯಂತ್ರದ ಪಕ್ಕ ತೂಕಕ್ಕೆ ಕಾಯುತ್ತ ಕುರ್ಚಿಯೊಂದರ ಮೇಲೆ ಕೂತೆ.

"ಏಳೇ ಮುದುಕಿ, ಕುರ್ಚಿ ಕೊಳೆಯಾಗುತ್ತೆ," ಎಂದ ಶೌಕತ್ ಬೇ.

ಎದ್ದೆ. ಯಂತ್ರದ ಆಚೆ ನಿಂತಿದ್ದ ಮಗಳು ನೆಲ ನೋಡುತ್ತಿದ್ದಳು. ಥೂ, ಇದಕ್ಕಾ ಓದಿಸಿದ್ದು!

ವಿದೇಶದಿಂದ ತಂದ ಹೊಸ ಯಂತ್ರ ಬಾಟಲಿ ಬೇರ್ಪಡಿಸಿ ಕರಗಿಸುತ್ತದಂತೆ. ಬೇರ್ಪಡಿಸಿತು ಅದರ ತಲೆ! ಕರಗಿಸಿದ ಮಾಲು ಮೂರನೇ ಸಲವೂ ಕಪ್ಪಾಗಿ ಘಾಟೆದ್ದಿತು. ಸೂಟಿನವರೆಲ್ಲ ಮೂಗು ಮುಚ್ಚಿಕೊಂಡು ನಿಂತರು. ದಮ್ಯಾನಾ ರಾಶಿಯಿಂದ ಒಂದು ಬಾಟಲಿ ಎತ್ತಿ, ಕಿವಿಯ ಹತ್ತಿರ ಹಿಸುಕಿ ಮಡಚಿದಳು. ಮಡಿಕೆಯಲ್ಲಿ ಬಿಳಿ ಗೆರೆ ಮೂಡಿತು. ಅಂಥದ್ದು ಬೇರೆ ಜಾತಿಯ ಪ್ಲಾಸ್ಟಿಕ್, ಒಂದು ಸೇರಿದರೂ ಉಳಿದದ್ದು ಕೆಡುತ್ತದೆ. ನಮ್ಮ ಕೇರಿಯ ಐದು ವರ್ಷದ ಮಗುವಿಗೂ ಇದು ಗೊತ್ತು.

"ಇದು ಸೇರ್ಕೊಂಡಿದೆ ಸಾರ್."

"ಭಲೇ! ಯಾವ ಕಾಲೇಜಲ್ಲಿ ಕಲಿಸಿದ್ರಮ್ಮ ಇದನ್ನ?" ಎಂದ ಶೌಕತ್ ಬೇ.

ನಾನು ಹೊರಟೆ. ಯಾವುದೋ ಕಾಲೇಜಿನ ಹೆಸರು ಹೇಳುತ್ತಾಳೆ, ಆ ಸುಳ್ಳನ್ನು ನಿಂತು ಕೇಳುವ ಕರ್ಮ ನನಗ್ಯಾಕೆ?

"ಕಾಲೇಜಲ್ಲಲ್ಲ," ಎಂದಿತು ಹಿಂದಿನಿಂದ ಅವಳ ದನಿ. "ಈಗ ನೀವು ಯಾರನ್ನ ಕುರ್ಚಿಯಿಂದ ಎಬ್ಬಿಸಿದ್ರೋ, ಅವ್ರು ಕಲಿಸಿದ್ದು. ನನ್ನ ಹೆತ್ತಮ್ಮ."

ಯಂತ್ರ ಇನ್ನೂ ಹೊಗೆ ಕಾರುತ್ತಿತ್ತು. ಅವಳನ್ನು ಮನೆಗೆ ಕಳಿಸಿದರೆ ಅದನ್ನು ಸರಿಮಾಡುವ ಗಂಡಸು ಅಲ್ಲಿರಲಿಲ್ಲ. ಶೌಕತ್ ಬೇ ಹಲ್ಲು ಕಿರಿಯುತ್ತ ತಾನೇ ಕುರ್ಚಿ ಎಳೆದು ತಂದ.

"ಕೂತ್ಕೊಳ್ಳಿ ತಾಯಿ."

"ಕೊಳೆಯಾಗುತ್ತಲ್ಲ ಸ್ವಾಮಿ?"

"ಛೆ ಛೆ!"

ಕೂತೆ. ಚೆನ್ನಾಗಿ ಒರಗಿಕೊಂಡೇ ಕೂತೆ. ಆಮೇಲೆ ಎಲ್ಲರಿಗೂ ಕೇಳುವಂತೆ ಕೂಗಿದೆ: "ದಮ್ಯಾನಾ, ಬಾರೇ ಇಲ್ಲಿ, ಮೂಟೆಗೆ ಒಂದು ಕೈ ಹಾಕು."

ಬಂದಳು.