ಇಥಿಯೋಪಿಯಾದಲ್ಲಿ ಒಂದು ರಾಗಿ ಹೊಲ

1994ರಲ್ಲಿ ಏಳನೇ ತರಗತಿಗೆ ಓದು ನಿಲ್ಲಿಸಿದೆ. ದೊಡ್ಡಬಳ್ಳಾಪುರದ ಹತ್ತಿರ ಒಬ್ಬ ಸಾಹುಕಾರರ ಗುಲಾಬಿ ತೋಟದಲ್ಲಿ ಮುಳ್ಳು ಸವರುವ ಕೆಲಸಕ್ಕೆ ಸೇರಿದವನು, ಕಸಿ ಕಟ್ಟುವುದನ್ನು ಕಲಿತು ಮೇಸ್ತ್ರಿಯಾದೆ. ಸಾಹುಕಾರರು ಇಥಿಯೋಪಿಯಾದಲ್ಲಿ ಜಮೀನು ಗುತ್ತಿಗೆಗೆ ಹಿಡಿದಾಗ, ಡಿಗ್ರಿ ಓದಿದವರನ್ನು ಬಿಟ್ಟು ನನ್ನನ್ನೇ ಕಳಿಸಿದರು. ಆ ಹೆಮ್ಮೆ ಈಗಲೂ ಇದೆ.

ಅಲ್ಲಿ ಕನ್ನಡ ಬರುತ್ತಿದ್ದವರು ಇಬ್ಬರೇ, ನಾನು ಮತ್ತು ಹೊಸಕೋಟೆ ಕಡೆಯ ಡೋಜರ್ ಡ್ರೈವರ್. ಅವನು ಅಲ್ಲಿನವರ ಜೊತೆ ಬೇಗ ಬೆರೆತ. ನಾನು ಮೇಸ್ತ್ರಿಯೆಂದು ಬೇರೆ ಕೂತು ಉಣ್ಣುತ್ತಿದ್ದೆ.

ಎರಡನೇ ತೋಟಕ್ಕೆ ನೆಲ ಸಮ ಮಾಡಲು ಹೋದ ದಿನ ನೋಡುತ್ತೇನೆ, ರಾಗಿ! ನಮ್ಮದೇ ರಾಗಿ, ಹಾಲು ತುಂಬಿದ ತೆನೆ. ಬದುವಿನ ಮೇಲೆ ನಿಂತಿದ್ದ ಮುದುಕಿ ಎರಡು ಸಲ ಹತ್ತೂ ಬೆರಳು ಬಿಡಿಸಿ, ಕೊಯ್ಯುವಂತೆ ಕೈಯಾಡಿಸಿದಳು. ಇಪ್ಪತ್ತು ದಿನ ಕೇಳುತ್ತಿದ್ದಳು.

ಸಾಹುಕಾರರಿಗೆ ಫೋನ್ ಮಾಡಿದೆ.

"ಏನಪ್ಪಾ, ನಿನ್ನ ಅಲ್ಲಿಗೆ ರಾಗಿ ಕಾಯೋಕೆ ಕಳಿಸಿದ್ನಾ? ಆ ನೆಲ ಅವಳ್ದಲ್ಲ, ಸರ್ಕಾರದ್ದು. ಅವ್ರೇ ಕರೆದು ಕೊಟ್ಟವ್ರೆ."

"ನಮ್ಮ ದೇವನಹಳ್ಳೀಲೂ ಹೊರದೇಶದ ಕಂಪನಿ ಬಂದಾಗ ಹಿಂಗೇ ಅಂದ್ರು, ಸಾ."

"ಹಂಗಂತ ಕಂಪನಿ ನಿಲ್ತಾ? ನಾಳೆ ಸಂಜೆಗೆ ನೆಲ ಸಮ ಆಗಿರೋ ಫೋಟೋ ಕಳಿಸು."

ಡ್ರೈವರ್ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ. "ಗುರು, ಡೋಜರ್ ಕೆಟ್ಟೋಗೈತೆ ಅಂದ್ಬಿಡು. ಅಲ್ಲಿಂದ ಬಂದು ನೋಡ್ತಾರಾ?"

"ಇಷ್ಟು ವರ್ಷದಲ್ಲಿ ಒಂದು ಕೆಲಸ ತಡ ಮಾಡಿಲ್ಲ ಕಣೋ ನಾನು."

"ಮಾಡು ಒಂದ್ಸಲ. ಸತ್ತೋಗಲ್ಲ."

ಮಾಡಲಿಲ್ಲ. ಬೆಳಿಗ್ಗೆ ಡ್ರೈವರಿಗೆ ಶುರು ಮಾಡೆಂದು ಕೈ ಬೀಸಿದೆ. ಅವನು ನನ್ನನ್ನು ಬೈಯುತ್ತಲೇ ಗಾಡಿ ಹತ್ತಿದ.

ಮಧ್ಯಾಹ್ನ ಮುದುಕಿ ಮುರಿದ ತೆನೆಗಳನ್ನು ಆರಿಸಿ ಬೆಂಕಿಯಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿದಳು. ನಮ್ಮ ಹೊಲದಲ್ಲಿ ಅವ್ವ ಮಾಡುತ್ತಿದ್ದದ್ದೂ ಹೀಗೆಯೇ. ಆ ವಾಸನೆಗೆ ತಡೆಯಲಾರದೆ ಮೊದಲ ಸಲ ಕೆಲಸದವರ ಸಾಲಿನಲ್ಲಿ ಕೂತೆ. ಅಲ್ಲಿ ತುತ್ತನ್ನು ಎದುರಿನವರ ಬಾಯಿಗೇ ಇಡುವುದು ರೂಢಿ. ಅವಳು ಒಬ್ಬೊಬ್ಬರಿಗೂ ಇಡುತ್ತ ಬಂದಳು. ಡೋಜರ್ ಓಡಿಸಿದ ಡ್ರೈವರಿಗೂ ಇಟ್ಟಳು. ಅವನು ತಲೆ ತಗ್ಗಿಸಿ ಜಗಿದ. ನಾನು ಅಂಗೈ ಚಾಚಿದೆ. ಅವಳು ನನ್ನನ್ನು ದಾಟಿ ಪಕ್ಕದವನ ಮುಂದೆ ಕೂತಳು.

ಆಮೇಲೂ ನಾಲ್ಕು ವರ್ಷ ಅಲ್ಲೇ ದುಡಿದೆ. ಮತ್ತೆ ಆ ಸಾಲಿನಲ್ಲಿ ಕೂರಲಿಲ್ಲ. ಯಾರೂ ಕರೆಯಲೂ ಇಲ್ಲ.

ಈಗ ನನಗೆ ದೇವನಹಳ್ಳಿಯಿಂದ ವಿಜಯಪುರಕ್ಕೆ ಹೋಗುವ ದಾರಿಯಲ್ಲಿ ಎರಡು ಎಕರೆ, ಒಂದು ಬೋರ್‌ವೆಲ್, ಸ್ವಂತ ಪಾಲಿಹೌಸು, ಅದರ ಪಕ್ಕ ಹತ್ತು ಗುಂಟೆ ರಾಗಿ ಇದೆ. ಒಂದು ಕೋಣೆ, ಒಂದು ಮಂಚ, ಒಂದು ತಟ್ಟೆ.